ವಿನೈಲ್ ರೂಫ್ ಇರುವ ಹಳೇ ಕಾರಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. 1970ರ ದಶಕದ ಅಮೆರಿಕನ್ ಕಾರುಗಳ ವಿನೈಲ್ ರೂಫಿಗೆ (ತಗಡಿನ ಚಾವಣಿ ಮೇಲೆ ಅಂಟಿಸಿದ, ಚರ್ಮದಂತೆ ಕಾಣುವ ಪ್ಲಾಸ್ಟಿಕ್ ಹೊದಿಕೆ) ಬಣ್ಣ ಹೊಡೆಯುವ ಮುಂಚೆ ಹಿಂದಿನ ಗಾಜಿನ ಸುತ್ತ ಹೆಬ್ಬೆರಳಿಂದ ಒತ್ತಿ ನೋಡಿ. ಉಬ್ಬಿದ ಕಡೆ ಹಪ್ಪಳ ಮುರಿದ ಹಾಗೆ ಕರಕರ ಅಂದರೆ ಒಳಗಿನ ತಗಡು ತುಕ್ಕು ಹಿಡಿದಿದೆ. ಆಗ ವಿನೈಲ್ ಬಿಚ್ಚಲೇಬೇಕು, ಮೇಲೆ ಏನು ಹಚ್ಚಿದರೂ ದಂಡ.

ತಗಡು ಗಟ್ಟಿಯಿದ್ದರೆ ಸೋಪಿನ ನೀರು, ಮೆತ್ತನೆ ನೈಲಾನ್ ಬ್ರಷ್ ಸಾಕು. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ; ವಿನೈಲನ್ನು ಮೆತ್ತಗಿಡುವ ಅಂಶವೇ ಹೋಗಿ ಬಿರುಕು ಬಿಡುತ್ತದೆ. ಹೊಲಿಗೆ ಹತ್ತಿರ ಪ್ರೆಷರ್ ವಾಷರ್ ಬೇಡವೇ ಬೇಡ. ಒಂದಿಡೀ ದಿನ ಒಣಗಿಸಿ, ಬಿಟ್ಟ ಹೊಲಿಗೆಗೆ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು) ಹಚ್ಚಿ, ಆಮೇಲೆ ವಿನೈಲ್ ಪೇಂಟ್ 3 ತೆಳು ಕೋಟ್. ಹಳೇ ಪಾಲಿಶಿನ ಸಿಲಿಕೋನ್ ಜಿಡ್ಡು ಉಳಿದಿದ್ದರೆ ಪೇಂಟ್ ಹಿಡಿಯದೆ ಚುಕ್ಕಿಚುಕ್ಕಿಯಾಗುತ್ತದೆ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದರೆ ತೇವ ಒಳಗೇ ಕೂರುತ್ತದೆ, ಗಾಳಿಯಾಡುವ ಬಟ್ಟೆ ಕವರ್ ಹಾಕಿ.