ರೋಲರ್ ಕೋಸ್ಟರ್ ಏಪ್ರಿಲ್‌ವರೆಗೆ ಬಂದ್: ನಮ್ಮ ಗ್ರಾಹಕರಿಗೊಂದು ಪತ್ರ

ಎಲ್ಲರಿಗೂ ನಮಸ್ಕಾರ.

ದೀಪಾವಳಿ ಮುಗಿದ ಮೇಲೆ ನಮ್ಮ ರೋಲರ್ ಕೋಸ್ಟರ್ ರಿಪೇರಿಗಾಗಿ ಬಂದ್ ಇರುತ್ತದೆ. ಮತ್ತೆ ಶುರುವಾಗುವುದು ಏಪ್ರಿಲ್‌ನಲ್ಲಿ, ಮಕ್ಕಳಿಗೆ ಬೇಸಿಗೆ ರಜೆ ಬಿದ್ದಾಗ. ಆಗ ಟಿಕೆಟ್ 60 ರೂಪಾಯಿ ಇದ್ದದ್ದು 80 ಆಗುತ್ತದೆ. ಉಳಿದ ಆಟಗಳ ದರ ಹಾಗೇ ಇರುತ್ತದೆ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆ ಮುಗಿಸಿಕೊಂಡು ನಮ್ಮ ಕಡೆ ಬರುವವರಿಗೆ ಈ ಸಲ ಬೇಜಾರಾಗುತ್ತದೆ, ಕ್ಷಮಿಸಿ. ನಮಗೂ ಅದೇ ದುಡಿಮೆಯ ಕಾಲ.

ಈ ರಿಪೇರಿಯನ್ನು ಮಳೆಗಾಲದಲ್ಲೇ ಮಾಡಬಹುದಿತ್ತಲ್ಲ ಎಂದರು ಕೆಲವರು. ಒದ್ದೆ ಕಬ್ಬಿಣಕ್ಕೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಪದರ, ಹಿಡಿಯುವುದಿಲ್ಲ ರೀ. ಹಪ್ಪಳದ ಹಾಗೆ ಎದ್ದುಬರುತ್ತದೆ.

ಆದರೆ ಕೌಂಟರಿನಲ್ಲಿ ದಿನಾ ಕೇಳುತ್ತಿರುವ ಮಾತು ಬೇರೆ. “ಹಳೇ ಗಾಡಿಗೆ ಬಣ್ಣ ಬಳದು ರೇಟು ಏರಸ್ತೀರಿ. ಅದೇ ರೊಕ್ಕದಾಗ ಹೊಸಾದೊಂದು ತರಬಾರದೇನು?” ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇವೆ.

ಬಣ್ಣ ಬಳಿಯುವುದು ಕೊನೆಯ ಕೆಲಸ. ಮೊದಲು ಇರುವ ಬಣ್ಣ ಕೆರೆಯಬೇಕು. ಹಳಿಯಲ್ಲಿ ವೆಲ್ಡಿಂಗ್ ಆದ ಜಾಗವನ್ನೆಲ್ಲ ಬರೀ ಕಬ್ಬಿಣ ಕಾಣುವ ತನಕ ಉಜ್ಜುತ್ತಾರೆ. ಅದರ ಮೇಲೆ ಡೈ ಎಂಬ ಕೆಂಪು ದ್ರವ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಡೆವಲಪರ್ ಎಂಬ ಬಿಳಿ ಪುಡಿ ಸಿಂಪಡಿಸುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಒಳಗೆ ಇಳಿದ ಕೆಂಪು ಆ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಗಾಡಿ ಹೋದಾಗೆಲ್ಲ ಒಂದೇ ಜಾಗ ಬಾಗಿ ಬಾಗಿ ಕಬ್ಬಿಣ ದಣಿಯುತ್ತದೆ, ಬಿರುಕು ಅಲ್ಲೇ ಹುಟ್ಟುತ್ತದೆ. 2019ರಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟ ಮುರಿದುಬಿದ್ದು ಜನ ಸತ್ತರು. ಅಂಥ ಸುದ್ದಿ ಬಂದಾಗ ನಮಗೆ ಊಟ ಸೇರುವುದಿಲ್ಲ.

ಇನ್ನು ಗಾಲಿಗಳು. ಹಳಿಯ ಮೇಲೆ ಓಡುವುದು ಒಂದು, ಪಕ್ಕದಿಂದ ಒತ್ತಿ ಹಿಡಿಯುವುದು ಒಂದು, ಹಳಿಯ ಕೆಳಗಿದ್ದು ಗಾಡಿ ಮೇಲೇಳದಂತೆ ತಡೆಯುವುದು ಇನ್ನೊಂದು. ಎಲ್ಲಕ್ಕೂ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್ಕಿನ (ಪಾಲಿಯುರೆಥೇನ್) ಹೊಸ ಹೊದಿಕೆ ಬರುತ್ತದೆ. ಪಿನ್ನು, ಅದು ಕೂರುವ ಬುಷ್ ಎಂಬ ಬಳೆ, ಇವುಗಳ ಕೆಲಸ ಇಲ್ಲಿನ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲೇ ಮಾಡಿಸುತ್ತೇವೆ. ಲೇತ್ ಮೇಲೆ ಕೈ ಪಳಗಿದವರಿಗೆ ನಮ್ಮ ಹುಬ್ಬಳ್ಳಿಯಲ್ಲಿ ಬರವಿಲ್ಲ.

ಬೋಗಿಗಳು ಮಾತ್ರ ಪೂರ್ತಿ ಹೊಸವು. ಈಗ ಇಬ್ಬರಿಗೂ ಒಂದೇ ಲ್ಯಾಪ್ ಬಾರ್, ಅಂದರೆ ತೊಡೆಯ ಮೇಲೆ ಇಳಿದು ಸೀಟಿನಲ್ಲಿ ಹಿಡಿದಿಡುವ ಸರಳು. ಅದು ಅಪ್ಪನ ಹೊಟ್ಟೆಗೆ ತಾಗಿ ನಿಂತರೆ ಪಕ್ಕದ ಮಗುವಿಗೆ ಸಡಿಲ ಉಳಿಯುತ್ತದೆ. ಅದಕ್ಕೇ ಚಿಕ್ಕ ಮಕ್ಕಳನ್ನು ದೊಡ್ಡವರ ಪಕ್ಕ ಕೂರಲು ಬಿಡುತ್ತಿರಲಿಲ್ಲ, ಗೇಟಿನಲ್ಲಿ ನಮ್ಮ ಹುಡುಗರು ಬೈಸಿಕೊಂಡದ್ದೂ ಅದಕ್ಕೇ. ಹೊಸ ಬೋಗಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬಾರ್. ಏರಿದ 20 ರೂಪಾಯಿಯಲ್ಲಿ ದೊಡ್ಡ ಪಾಲು ಇದಕ್ಕೆ ಹೋಗುತ್ತದೆ.

ಹೊಸ ಕೋಸ್ಟರನ್ನೇ ತರಬಾರದೇ? ಲೆಕ್ಕ ಹಾಕಿಯೇ ಬಿಟ್ಟಿದ್ದೇವೆ. ನಮಗೆ ಹಿಡಿಸಿದ್ದು ಹೊರದೇಶದಿಂದ ಬರಬೇಕು. ಯಂತ್ರದ ಬೆಲೆ, ಹಡಗಿನ ಬಾಡಿಗೆ, ಸುಂಕ ಎಲ್ಲ ಕೊಟ್ಟ ಮೇಲೂ ಬುನಾದಿ ಬಾಕಿ. ನಮ್ಮದು ಎರೆಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಂಕ್ರೀಟ್ ಸುರಿಯಬೇಕು. ಹಳೆಯದಕ್ಕೆ ಈ ಖರ್ಚು ಆಗಲೇ ಆಗಿಹೋಗಿದೆ. ವಂಡರ್‌ಲಾದವರು ತರಲ್ವಾ ಅಂತೀರಿ. ಅವರ ಗೇಟಿನ ಟಿಕೆಟ್ ದರ ನೋಡಿದ್ದೀರಲ್ವಾ?

80ರಲ್ಲಿ 12 ರೂಪಾಯಿ ಚಿಲ್ಲರೆ ಜಿಎಸ್‌ಟಿ. ಈ ತೆರಿಗೆ ಮೊದಲು ನೂರಕ್ಕೆ 28 ಇತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಯಿತು. ಆಗ ನಾವೂ ಟಿಕೆಟ್ ಇಳಿಸಿದ್ದೆವು. ಅದು ಮಾತ್ರ ಯಾರಿಗೂ ನೆನಪಿಲ್ಲ!

ಹಳೆಯದು ಅಂದರೆ ಅಪಾಯ ಅನ್ನುವವರಿಗೆ ಒಂದು ಮಾತು. ಮೆಲ್ಬರ್ನ್‌ನ ಲೂನಾ ಪಾರ್ಕಿನ ಮರದ ಕೋಸ್ಟರ್ ಕಟ್ಟಿದ್ದು 1912ರಲ್ಲಿ, ನೂರು ವರ್ಷ ದಾಟಿಯೂ ಓಡಿದೆ. ಅಮೆರಿಕದ ಲೀಪ್ ದಿ ಡಿಪ್ಸ್ ಎಂಬ ಕೋಸ್ಟರ್ 1902ರದು. 1985ರಲ್ಲಿ ನಿಂತೇಹೋಗಿತ್ತು, ರಿಪೇರಿ ಮಾಡಿ 1999ರಲ್ಲಿ ಮತ್ತೆ ಓಡಿಸಿದರು. ಅಂಥ ಹೆಸರು ನಮಗಿಲ್ಲ, ಸರಿ. ಆದರೆ ನಮ್ಮ ಮನೆಯ ಮಕ್ಕಳೂ ಇದೇ ಗಾಡಿಯಲ್ಲಿ ಕೂರುತ್ತವೆ.

ಫ್ಯಾಮಿಲಿ ಪಾಸ್ ಇದ್ದವರಿಗೆ ಬಂದ್ ಇದ್ದಷ್ಟು ದಿನ ಅವಧಿ ಮುಂದೆ ಹಾಕಿಕೊಡುತ್ತೇವೆ, ಕಾರ್ಡ್ ತನ್ನಿ ಸಾಕು. ಶಾಲೆಯವರು ಪ್ರವಾಸಕ್ಕೆ ಬರುವ ಮೊದಲು ಒಮ್ಮೆ ಫೋನ್ ಮಾಡಿ. ಡೈ ಹೊಡೆಯುವುದನ್ನು ನೋಡಬೇಕು ಅನ್ನುವವರು ಶನಿವಾರ ಬೆಳಿಗ್ಗೆ ಬನ್ನಿ, ಟಿಕೆಟ್ ಬೇಡ. ಬೇಲಿಯ ಒಳಗೆ ಬಿಡುವುದಿಲ್ಲ, ಅದಕ್ಕೆ ಸಿಟ್ಟಾಗಬೇಡಿ.

ಇಂತಿ,
ಪಾರ್ಕಿನ ಮಾಲೀಕರು ಮತ್ತು ಸಿಬ್ಬಂದಿ
ಹುಬ್ಬಳ್ಳಿ