ಮೋಟಾರ್ ನನ್ನ ಅಂಗಡಿಯಲ್ಲಿದೆ, ಬಸಿ ನೀರು ಎಲ್ಲಿದೆ ಸಾಹೇಬ್ರೇ?

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮೋಟಾರ್ ರಿವೈಂಡಿಂಗ್ ಮಾಡುವವನು, ಅಂದರೆ ಸುಟ್ಟ ಮೋಟಾರ್‌ಗೆ ಹೊಸ ತಂತಿ ಸುತ್ತುವವನು. ನಿಮ್ಮ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನನ್ನ ಅಂಗಡಿ ಇದೆ. ಬೋರ್ ಮೋಟಾರ್, ಹಿಟ್ಟಿನ ಗಿರಣಿ ಮೋಟಾರ್, ಯಾವುದು ಸುಟ್ಟರೂ ಇಲ್ಲಿಗೇ ಬರುತ್ತೆ. ಹೋದ ಒಂದು ವರ್ಷದಲ್ಲಿ ಒಂದೇ ಮೋಟಾರ್ ಮೂರು ಸಲ ಬಂತು. ಅದು ರೈತರದ್ದಲ್ಲ, ಗುಡ್ಡದ ಆಚೆ ಇರುವ ಅದಿರು ತೊಳೆಯುವ ಘಟಕದ್ದು. ಹೆಸರು ಬರೆಯೋದಿಲ್ಲ, ಗಿರಾಕಿ ಕಳಕೊಳ್ಳುವ ಭಯ ನನಗೂ ಇದೆ.

ಅದಿರು ತೊಳೆದ ಮೇಲೆ ಉಳಿಯುವ ನುಣ್ಣನೆ ಕೆಸರನ್ನು ಅಲ್ಲಿ ಒಡ್ಡು ಕಟ್ಟಿ ನಿಲ್ಲಿಸುತ್ತಾರೆ. ಟೇಲಿಂಗ್ ಪಾಂಡ್ ಅಂತಾರೆ. ಮಣ್ಣಿನ ಒಡ್ಡು ಅಂದಮೇಲೆ ಬುಡದಲ್ಲಿ ನೀರು ಬಸಿಯುತ್ತೆ, ಅದೇನೂ ತಪ್ಪಲ್ಲ. ಬಸಿಯದೆ ಒಳಗೇ ನಿಂತರೆ ಅದು ಇನ್ನೂ ಕೆಟ್ಟದ್ದು. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಇಂಥದ್ದೇ ಒಡ್ಡು ಕುಸಿದು 270 ಜನ ಸತ್ತರಲ್ಲ, ಒಳಗಿನ ನೀರು ಹೊರಗೆ ಬರಲು ಸರಿಯಾದ ದಾರಿ ಇರಲಿಲ್ಲ ಅನ್ನೋದು ತಜ್ಞರು ಕೊಟ್ಟ ಕಾರಣಗಳಲ್ಲಿ ಒಂದು. ಹಾಗಾಗಿ ಬಸಿಯಲಿ. ಆದರೆ ಬಸಿದ ನೀರನ್ನು ಒಡ್ಡಿನ ಬುಡದಲ್ಲೇ ಬಸಿಗಾಲುವೆ ತೋಡಿ ಹಿಡಿಯಬೇಕು, ಗುಂಡಿಗೆ ತಂದು, ಪಂಪ್ ಹಚ್ಚಿ ವಾಪಸ್ ಹೊಂಡಕ್ಕೋ ಘಟಕಕ್ಕೋ ಏರಿಸಬೇಕು. ಹೊಲದಲ್ಲಿ ನೀರು ನಿಂತು ಉಪ್ಪೇರುವ ಸವಳು-ಜವಳು ಅನುಭವಿಸಿದ ಮುಧೋಳ, ಜಮಖಂಡಿ ಕಡೆಯ ರೈತರಿಗೆ ಬಸಿಗಾಲುವೆ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ನೀರು ಹೊಲ ಬಿಟ್ಟು ಹಳ್ಳ ಸೇರಬೇಕು, ಇಲ್ಲಿ ಹಳ್ಳ ಸೇರಬಾರದು, ಅಷ್ಟೇ ವ್ಯತ್ಯಾಸ.

ಆ ಗುಂಡಿಯಲ್ಲಿರುವ ಪಂಪ್‌ನ ಮೋಟಾರೇ ನನ್ನ ಹತ್ರ ಬರೋದು.

ಮೊದಲ ಸಲ ಬಿಚ್ಚಿದಾಗ ಎರಡು ಫೇಸಿನ ಸುರುಳಿ ಕರಿ ಕಾಡಿಗೆಯಂತೆ ಸುಟ್ಟಿತ್ತು, ಮೂರನೆಯದು ಹೊಸದರ ಹಾಗೆ ಹೊಳೀತಿತ್ತು. ಸ್ಟಾರ್ ಜೋಡಣೆ ಇರುವ ಮೋಟಾರ್‌ನಲ್ಲಿ ಹೀಗೆ ಕಂಡರೆ ಒಂದು ಫೇಸ್ ಹೋಗಿದ್ದರೂ ಮೋಟಾರ್ ಓಡುತ್ತಾ ಇತ್ತು ಅಂತ ಅರ್ಥ. ರಾತ್ರಿ ಅಲ್ಲಿ ನೋಡುವವರು ಯಾರೂ ಇರಲಿಲ್ಲ ಅಂತಲೂ ಅರ್ಥ. ಒಂದು ಫೇಸ್ ಹೋದರೆ ಮೋಟಾರ್ ತಾನೇ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ ಅಂದೆ. ಎರಡನೇ ಸಲವೂ ಅದೇ ಕಥೆ. ಮೂರನೇ ಸಲ, ಈ ಮಳೆಗಾಲದಲ್ಲಿ, ಬೇರೆ ಥರ ಇತ್ತು. ನೀರು ತಳ್ಳುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್ ತುಂಬ ಕೆಂಪು ಕೆಸರು, ಬೆರಳಲ್ಲಿ ತಿಕ್ಕಿದರೆ ಮೈದಾ ಹಿಟ್ಟಿನಷ್ಟು ನುಣುಪು. ರೆಕ್ಕೆಗಳ ಅಂಚು ಸವೆದು ಬ್ಲೇಡಿನಂತಾಗಿತ್ತು. ಸೀಲ್ ಹೋಗಿ ಸುರುಳಿಯೊಳಗೂ ನೀರು.

ನನಗೆ ಹೆದರಿಕೆ ಆಗಿದ್ದು ಅಲ್ಲಿ. ಬಸಿ ನೀರು ತಿಳಿಯಾಗಿ ಬರುವಷ್ಟು ದಿನ ಚಿಂತೆ ಕಡಿಮೆ. ಕೆಸರಾಗಿ ಬಂದರೆ ಎರಡು ಕಾರಣ ಇರಬಹುದು. ಮಳೆ ನೀರು ಮೇಲಿನ ಮಣ್ಣು ಕೊಚ್ಚಿ ಗುಂಡಿಗೆ ತಂದಿರಬಹುದು. ಇಲ್ಲವೇ ಒಡ್ಡಿನ ಒಳಗಿನ ಮಣ್ಣೇ ನೀರಿನ ಜೊತೆ ಹೊರಗೆ ಬರುತ್ತಿರಬಹುದು, ಕೆರೆ ಏರಿಯಲ್ಲಿ ಇಲಿ ಬಿಲದಿಂದ ನೀರು ಸೋರಲು ಶುರುವಾಗಿ ದಿನದಿಂದ ದಿನಕ್ಕೆ ಬಿಲ ದೊಡ್ಡದಾಗುತ್ತಲ್ಲ, ಹಾಗೆ. ಯಾವುದು ಅಂತ ಮೋಟಾರ್ ನೋಡಿ ಹೇಳೋಕೆ ಆಗಲ್ಲ. ಒಡ್ಡು ಬಲ್ಲ ಎಂಜಿನಿಯರ್ ಹೋಗಿ ನೋಡಬೇಕು.

ಮೋಟಾರ್ ತಂದ ಹುಡುಗನಿಗೆ ಕೇಳಿದೆ, ಇದು ಇಲ್ಲಿದ್ದರೆ ಅಲ್ಲಿ ಬೇರೆ ಯಾವುದು ಓಡುತ್ತೆ ಅಂತ. "ಬ್ಯಾರೆ ಎಲ್ಲೈತಿ ಅಣ್ಣಾರ, ಇದೊಂದ ಐತಿ. ಲಗೂನ ಕೊಡ್ರಿ" ಅಂದ.

ರಿವೈಂಡಿಂಗ್, ವಾರ್ನಿಷ್, ಒಣಗಿಸೋದು ಎಲ್ಲ ಸೇರಿ ನನಗೆ ಮೂರು ದಿನ ಬೇಕು. ಸೆಕೆಂಡಿಗೆ ಒಂದೇ ಒಂದು ಲೀಟರ್, ಅಂದರೆ ಒಂದು ತಂಬಿಗೆ ನೀರು ಬಸಿಯುತ್ತೆ ಅಂತಿಟ್ಟುಕೊಳ್ಳಿ. ದಿನಕ್ಕೆ 86,400 ಲೀಟರ್, ಮೂರು ದಿನಕ್ಕೆ ಎರಡೂವರೆ ಲಕ್ಷಕ್ಕೂ ಜಾಸ್ತಿ. 5,000 ಲೀಟರಿನ ಟ್ಯಾಂಕರ್ ಆದರೆ ಐವತ್ತಕ್ಕೂ ಹೆಚ್ಚು. ಗುಂಡಿ ತುಂಬಿದ ಮೇಲೆ ಆ ನೀರಿಗೆ ಹಳ್ಳ ಬಿಟ್ಟರೆ ಬೇರೆ ದಾರಿ ಎಲ್ಲಿದೆ? ಆ ಹಳ್ಳದಲ್ಲಿ ದನ ನೀರು ಕುಡಿಯುತ್ತವೆ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ, ಗಣಿ ಇಲಾಖೆಗೆ ಬರೆಯಿರಿ ಅಂತ ಹೇಳಬೇಡಿ ಸಾಹೇಬ್ರೇ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಗುಂಡಿಯಲ್ಲಿ ಎರಡನೇ ಪಂಪ್ ಇರಲಿ, ಕರೆಂಟ್ ಹೋದರೆ ತಾನೇ ಚಾಲೂ ಆಗುವ ಜನರೇಟರ್ ಇರಲಿ. ಬಸಿಗಾಲುವೆಗೆ ವಿ ಆಕಾರದ ಕಂಡಿ ಇರುವ ಹಲಗೆ ಕೂರಿಸಿದರೆ ಎಷ್ಟು ನೀರು ಬರುತ್ತಿದೆ ಅಂತ ಸ್ಕೇಲ್ ಹಿಡಿದೇ ಅಳೆಯಬಹುದು, ಅದಕ್ಕೇನು ದೊಡ್ಡ ಖರ್ಚಿಲ್ಲ. ದಿನದ ಅಳತೆ, ನೀರಿನ ಬಣ್ಣ ಎರಡನ್ನೂ ಪಂಚಾಯಿತಿ ಬೋರ್ಡಿನ ಮೇಲೆ ಬರೆಸಿ. ಈ ಖರ್ಚೆಲ್ಲ ಘಟಕದ್ದೇ, ಗಣಿಯಿಂದ ಬಾಧೆಪಟ್ಟ ಊರುಗಳಿಗಾಗಿ ಗಣಿಯವರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡನ್ನು ಇದಕ್ಕೆ ಸುರಿಯಬೇಡಿ. ಅದರಲ್ಲಿ ಕೆಳಗಿನ ಬೋರ್‌ಗಳ ನೀರು ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು, ಗಣಿ ಮುಚ್ಚಿದ ಮೇಲೆ ಏನು ಅಂತ ಈಗಲೇ ಕೇಳಿಡಿ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಲಕ್ಯಾ ಅಣೆಕಟ್ಟೆಯ ಹಿಂದಿನ ಕೆಸರು ಮಾತ್ರ ಎಲ್ಲಿಗೂ ಹೋಗಿಲ್ಲ.

ಮೋಟಾರ್ ಸುಟ್ಟಷ್ಟೂ ನನಗೆ ನಾಲ್ಕು ಕಾಸು, ಸುಳ್ಳು ಯಾಕೆ ಹೇಳಲಿ. ಈ ಸಲದ ಕೆಲಸ ಮುಗಿದಿದೆ, ವಾರ್ನಿಷ್ ಒಣಗುತ್ತಿದೆ, ನಾಳೆ ಒಯ್ಯುತ್ತಾರೆ. ಇಂಪೆಲ್ಲರ್‌ನಿಂದ ಕೆರೆದು ತೆಗೆದ ಕೆಸರನ್ನು ಒಂದು ಡಬ್ಬಿಯಲ್ಲಿ ತುಂಬಿ, ತಾರೀಖು ಬರೆದು ಎತ್ತಿಟ್ಟಿದ್ದೇನೆ. ನಿಮ್ಮವರು ಯಾರಾದರೂ ಬಂದರೆ ಕೊಡುತ್ತೇನೆ.