ಹುಬ್ಬಳ್ಳಿ ಸ್ಟೇಷನ್ನಿನ ಆ ಹಿರಿಯರಿಗೆ

ಸರ್, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ನ್ಯೂಯಾರ್ಕಿಗೆ ಮಗಳ ಮನೆಗೆ ಹೊರಟಿದ್ದೇನೆ ಎಂದ ತಕ್ಷಣ ನೀವು, ‘ವಿಲೇಜ್ ವ್ಯಾನ್‌ಗಾರ್ಡ್‌ಗೆ ಹೋಗದ ಬರಬ್ಯಾಡ್ರಿ’ ಎಂದಿರಿ. 1935ರಲ್ಲಿ ಶುರುವಾದ ಜಾಝ್ ಸಂಗೀತದ ಕ್ಲಬ್ ಅದು, ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬೇಕು. 1961ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ಎಲ್ವಿನ್ ಜೋನ್ಸ್ ಡ್ರಮ್ ಬಾರಿಸಿದ್ದು ರೆಕಾರ್ಡ್ ಆಗಿದ್ದೂ ಅಲ್ಲೇ.

ನಾನು ಧಾರವಾಡದವಳು, ತಬಲಾ ಕೇಳಿ ಬೆಳೆದವಳು. ಡ್ರಮ್ ಎಂದರೆ ಸುಮ್ನೆ ಗದ್ದಲ ಅನ್ನಿಸುತ್ತಿತ್ತು. ನೀವು ಬೆಂಚಿನ ಮೇಲೇ ಬಾರಿಸಿ ತೋರಿಸಿದಿರಿ. ಬಲಗೈ ರೈಡ್ ಸಿಂಬಲ್ ಎಂಬ ಅಗಲವಾದ ಲೋಹದ ತಟ್ಟೆ ಮೇಲೆ ಲಯ ಹಿಡಿಯುತ್ತದೆ. ಎಡಗಾಲು ಎರಡನೇ, ನಾಲ್ಕನೇ ಮಾತ್ರೆಗೆ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ ಮುಚ್ಚುತ್ತದೆ. ಎಡಗೈ ನಡುನಡುವೆ ಮಾತಾಡುತ್ತದೆ. ‘ಮೊದಲ ಸಿಂಬಲ್ ಹಿಡೀರಿ, ಉಳಿದದ್ದು ತಾನ ತಿಳೀತೈತಿ.’

ವ್ಯಾನ್‌ಗಾರ್ಡ್‌ನಲ್ಲಿ ಹಾಗೇ ಆಯಿತು ಸರ್! ಮಗಳಿಗೆ ಡ್ರಮ್ಮನ್ನು ಕೋಲಿನ ಬದಲು ಬ್ರಶ್ಶಿನಲ್ಲಿ ನುಡಿಸಿದ ನಿಧಾನದ ಹಾಡು ಜಾಸ್ತಿ ಹಿಡಿಸಿತು. ನನಗೆ, ಉಳಿದವರೆಲ್ಲ ನಿಲ್ಲಿಸಿ ಡ್ರಮ್ಮರ್ ಒಬ್ಬರೇ ನುಡಿಸಿದ್ದು. ನಮ್ಮ ತಬಲಾ ಸೋಲೋ ಕೇಳಿದವರಿಗೆ ಅದು ಹೊಸದೇನಲ್ಲ, ಅಲ್ವಾ? (ಟಿಕೆಟ್ ದರ ಮಾತ್ರ ಕೇಳಬೇಡಿ.)

ಡ್ರಮ್ಮರ್ ಟೋನಿ ವಿಲಿಯಮ್ಸ್ 17ನೇ ವಯಸ್ಸಿಗೇ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದ ಕಥೆಯನ್ನು ಮೊಮ್ಮಗನಿಗೂ ಹೇಳಿದೆ. ಈಗ ಡ್ರಮ್ಮರ್ ಮ್ಯಾಕ್ಸ್ ರೋಚ್ ಕೇಳುತ್ತಿದ್ದೇನೆ, ನೀವು ಹೇಳಿದ ಹಾಗೇ. ತುಂಬಾ ಧನ್ಯವಾದ ರೀ.